ಉರಿಯದ ಬತ್ತಿ: ಓದುಗರ ಪ್ರಶ್ನೆ, ಭಟ್ಟಿ ರಿಪೇರಿಯವನ ಉತ್ತರ

ಕಳೆದ ತಿಂಗಳು ಟೋಸ್ಟರ್ ತಂತಿ ಬಗ್ಗೆ ಯಾರೋ ಕೇಳಿದ್ದರು. ಉತ್ತರ ಬರೆಯುತ್ತಾ ಸುಮ್ನೆ ಒಂದು ಸಾಲು ಸೇರಿಸಿದ್ದೆ: 'ಸಿಗರೇಟ್ ಬಿಡಲು ನಾನೂ ಮೂರು ವರ್ಷ ಇಂಥದ್ದೇ ತಂತಿ ಸುತ್ತಿ, ಸೆರಾಮಿಕ್ ಬತ್ತಿ ಹಾಕಿ ವೇಪ್ ಎಳೆದವನು.' ಟೋಸ್ಟರ್ ಬಗ್ಗೆ ಆಮೇಲೆ ಒಬ್ಬರೂ ಬರೆಯಲಿಲ್ಲ. ಆ ಒಂದು ಸಾಲಿಗೆ ಮಾತ್ರ ಪತ್ರಗಳ ಮೇಲೆ ಪತ್ರ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಗೊತ್ತಿಲ್ಲದವರಿಗೆ ಎರಡು ಮಾತು. ವೇಪ್ ಎಂದರೆ ಬ್ಯಾಟರಿಯಿಂದ ಕಾಯುವ ಒಂದು ತಂತಿ ಸುರುಳಿ, ಅದರೊಳಗೆ ಒಂದು ಬತ್ತಿ, ಬತ್ತಿ ಹೀರಿಕೊಳ್ಳುವ ದ್ರವ. ಬಟನ್ ಒತ್ತಿದರೆ ದ್ರವ ಆವಿಯಾಗುತ್ತದೆ, ಅದನ್ನು ಎಳೆಯುತ್ತಾರೆ. ಸುರುಳಿ, ಬತ್ತಿ ಕೂರುವ ಭಾಗಕ್ಕೆ ಅಟೊಮೈಜರ್, ಬ್ಯಾಟರಿ ಮತ್ತು ಬಟನ್ ಇರುವ ಭಾಗಕ್ಕೆ ಮಾಡ್ ಎನ್ನುತ್ತಾರೆ. ಹೆಚ್ಚಿನವರು ಕಂಪನಿಯ ರೆಡಿಮೇಡ್ ಕಾಯಿಲ್ ತಂದು ಹಾಕಿಕೊಳ್ಳುತ್ತಾರೆ. ಕೆಲವರಿಗೆ ತಾವೇ ತಂತಿ ಸುತ್ತಿ, ತಾವೇ ಬತ್ತಿ ಹಾಕುವ ಹುಚ್ಚು. ಅಂಥವರಿಗಾಗಿ ಬಿಚ್ಚಿ ಕಟ್ಟುವ ಅಟೊಮೈಜರ್‌ಗಳಿವೆ. ನಾನು ಆ ಪೈಕಿ.

ನಾನಿರುವುದು ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್‌ನಲ್ಲಿ. ಊರೆಲ್ಲ ಪಿಂಗಾಣಿ. ನಿವೃತ್ತನಾಗುವವರೆಗೂ ಪಿಂಗಾಣಿ ಸುಡುವ ಕರೆಂಟ್ ಭಟ್ಟಿಗಳ ಕಾಯಿಲ್ ಬದಲಾಯಿಸುವುದೇ ನನ್ನ ಕೆಲಸವಾಗಿತ್ತು. ಇಲ್ಲಿ 18 ದಾಟಿದವರಿಗೆ ವೇಪ್ ಮಾರುವುದು ಕಾನೂನಿಗೆ ವಿರುದ್ಧವಲ್ಲ. ಭಾರತದಲ್ಲಿ 2019ರಿಂದ ಪೂರ್ತಿ ನಿಷೇಧ. ಊರಿನಿಂದ ಬಂದ ಪತ್ರಗಳಿಗೆ ಕೊನೆಯಲ್ಲಿ ಬರುತ್ತೇನೆ.

ಸರ್, ಹತ್ತಿ ಬತ್ತಿಯನ್ನು ವಾರಕ್ಕೆರಡು ಸಲ ಬದಲಾಯಿಸಿ ಸಾಕಾಗಿ 2 ಮಿ.ಮೀ. ದಪ್ಪದ ಸೆರಾಮಿಕ್ ಬತ್ತಿ ತರಿಸಿದೆ. 28 ಗೇಜ್ ದಪ್ಪದ, ಕಾಂತಾಲ್ ಎಂಬ ಕಾಯಿಲ್ ತಂತಿಯನ್ನು ಬತ್ತಿಯ ಮೇಲೇ ಬಿಗಿಯಾಗಿ ಆರು ಸುತ್ತು ಸುತ್ತಿದೆ. ಮೊದಲ ಎರಡು ಎಳೆತ ಚೆನ್ನಾಗಿತ್ತು. ಮೂರನೆಯದಕ್ಕೆ ಗಂಟಲು ಹಿಡಿದುಕೊಂಡಿತು, ಕಣ್ಣಲ್ಲಿ ನೀರು. ಸೆರಾಮಿಕ್ ಸುಡೋದೇ ಇಲ್ಲ ಅಂತಾರೆ. ಮತ್ತೆ ಈ ಸುಟ್ಟ ರುಚಿ ಎಲ್ಲಿಂದ ಬಂತು?
(ಮ್ಯಾಂಚೆಸ್ಟರ್‌ನಿಂದ ಶಿವಮೊಗ್ಗದ ಓದುಗರು)

ಸುಟ್ಟಿದ್ದು ಬತ್ತಿ ಅಲ್ಲ ಸ್ವಾಮಿ, ದ್ರವ.

ಮನೆಯ ಹಣತೆ ನೆನಪಿಸಿಕೊಳ್ಳಿ. ಎಣ್ಣೆ ಇರುವವರೆಗೆ ಹತ್ತಿ ಬತ್ತಿ ತುದಿಯಲ್ಲಿ ಒಂಚೂರು ಕಪ್ಪಾಗುತ್ತದೆ, ಅಷ್ಟೇ. ಎಣ್ಣೆ ಮುಗಿದ ಮೇಲೇ ಬತ್ತಿಯ ಸರದಿ. ನಿಮ್ಮ ಅಟೊಮೈಜರ್‌ನಲ್ಲೂ ಅದೇ ಲೆಕ್ಕ. ದ್ರವದಲ್ಲಿ ಮುಖ್ಯವಾಗಿ ಇರುವುದು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಮೊದಲನೆಯದು 188 ಡಿಗ್ರಿಗೆ ಕುದಿಯುತ್ತದೆ, ಎರಡನೆಯದು 290ಕ್ಕೆ. ಬತ್ತಿ ಒದ್ದೆಯಿರುವ ತನಕ ತಂತಿಯ ಬಿಸಿ ಈ ಆಸುಪಾಸಿನಲ್ಲೇ ನಿಲ್ಲುತ್ತದೆ. ಕುದಿಯುವ ದ್ರವವೇ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದಲ್ಲ. ಬತ್ತಿ ಒಣಗಿತೋ, ತಡೆಯುವವರಿಲ್ಲ. ತಂತಿ ಕೆಂಪಾಗುತ್ತದೆ. ಅಂಟಿಕೊಂಡ ಗ್ಲಿಸರಿನ್ ಒಡೆದು ಅಕ್ರೋಲೀನ್ ಎಂಬ ಘಾಟು ಅನಿಲವಾಗುತ್ತದೆ. ಒಗ್ಗರಣೆಗೆ ಎಣ್ಣೆ ಇಟ್ಟು ಮರೆತಾಗ ಅಡುಗೆಮನೆ ತುಂಬಾ ಕಣ್ಣು ಉರಿಯುತ್ತದಲ್ಲ, ಆ ಹೊಗೆಯಲ್ಲಿರುವುದೂ ಅದೇ. ನೀವು ಎಳೆದದ್ದು ಅದನ್ನು.

ಹತ್ತಿಯಾಗಿದ್ದರೆ ಬತ್ತಿಯೇ ಕರಕಲಾಗಿ, ಎಸೆಯದೆ ಬೇರೆ ದಾರಿ ಇರುತ್ತಿರಲಿಲ್ಲ. ಸೆರಾಮಿಕ್ ಹಾಗೆ ತಕರಾರು ಮಾಡುವುದಿಲ್ಲ. ಒಣಗಿದರೂ ಬೆಳ್ಳಗೆ ಕೂತಿರುತ್ತದೆ. ಅದರ ಗುಣವೂ ಅದೇ, ದೋಷವೂ ಅದೇ. ಅದಕ್ಕೇ ಎರಡು ವಾರ ಹತ್ತಿಯಲ್ಲಿ ಕೈ ಪಳಗದವರಿಗೆ ಸೆರಾಮಿಕ್ ಬೇಡ ಎನ್ನುತ್ತೇನೆ.

ಇನ್ನು, ಒಣಗಿದ್ದು ಯಾಕೆ? ನೀವೇ ಬರೆದಿದ್ದೀರಿ, 'ಬಿಗಿಯಾಗಿ' ಅಂತ. ಸೆರಾಮಿಕ್ ಬತ್ತಿ ಎಂದರೆ ಜಡೆಯ ಹಾಗೆ ಹೆಣೆದ ಎಳೆಗಳು. ಎಳೆ ತಾನಾಗಿ ದ್ರವ ಕುಡಿಯುವುದಿಲ್ಲ. ಎಳೆ ಎಳೆಯ ನಡುವಿನ ಸಂದಿಯಲ್ಲಿ ದ್ರವ ಹತ್ತುತ್ತದೆ. ತಂತಿಯಿಂದ ಕುತ್ತಿಗೆ ಹಿಸುಕಿದ ಹಾಗೆ ಕಟ್ಟಿದರೆ ಸಂದಿಯೇ ಮುಚ್ಚಿಹೋಯಿತು. ಹಳೆಯ ಸೀಮೆಎಣ್ಣೆ ಬತ್ತಿ ಸ್ಟವ್‌ಗೆ ನಮ್ಮಮ್ಮ ದಪ್ಪ ಬತ್ತಿ ತುರುಕಿ, ಒಂದು ಕಡೆ ಉರಿ ಏಳುವುದೇ ಇಲ್ಲವೆಂದು ಸ್ಟವ್‌ಗೆ ಬೈಯುತ್ತಿದ್ದರು. ಹಾಗೆಂದು ತೀರಾ ಸಡಿಲ ಬಿಟ್ಟರೂ ಕಷ್ಟ. ತಂತಿಗೂ ಬತ್ತಿಗೂ ನಡುವೆ ಗಾಳಿ ಸೇರಿದರೆ ಆ ಸುತ್ತಿಗೆ ದ್ರವ ತಾಗುವುದಿಲ್ಲ, ಅಲ್ಲೇ ಕೆಂಪಾಗುತ್ತದೆ.

ನಾನು ಮಾಡುತ್ತಿದ್ದ ರೀತಿ ಹೇಳುತ್ತೇನೆ. ಬತ್ತಿಯ ಮೇಲೆ ಸುತ್ತಬೇಡಿ. 2 ಮಿ.ಮೀ. ಡ್ರಿಲ್ ಬಿಟ್‌ನ ನುಣ್ಣನೆಯ ಹಿಂಬದಿಯ ಮೇಲೆ ಸುತ್ತಿ. ಬಿಟ್ ಒಳಗಿರುವಾಗಲೇ ಸುರುಳಿಯ ಎರಡು ಕಾಲುಗಳನ್ನು, ಅಂದರೆ ತಂತಿಯ ತುದಿಗಳನ್ನು, ಅಟೊಮೈಜರ್‌ನ ಎರಡು ಪೋಸ್ಟ್‌ಗೆ (ಪುಟ್ಟ ಕಂಬಗಳಿಗೆ) ಸಿಕ್ಕಿಸಿ ಸ್ಕ್ರೂ ಬಿಗಿ ಮಾಡಿ. ಉಳಿದ ತಂತಿಯನ್ನು ಸ್ಕ್ರೂ ಪಕ್ಕದಲ್ಲೇ ಒತ್ತಿ ಕತ್ತರಿಸಿ, ಮೀಸೆ ಬಿಡಬೇಡಿ. ಈಗ ಬಿಟ್ ಹೊರಗೆಳೆದು, ಬತ್ತಿ ಇಲ್ಲದೆ ಬರೀ ಸುರುಳಿಯನ್ನು ಕಡಿಮೆ ವಾಟ್‌ನಲ್ಲಿ, ಹತ್ತು ಸಾಕು, ಬಟನ್ ತಟ್ಟಿ ತಟ್ಟಿ ಬಿಡಿ. ದೀಪ ಆರಿಸಿಕೊಂಡು ನೋಡಿ. ನಡುವಿನ ಸುತ್ತು ಮೊದಲು ಕೆಂಪಾಗಿ, ಅಲ್ಲಿಂದ ಎರಡೂ ಕಡೆಗೆ ಬಣ್ಣ ಹರಡಬೇಕು. ಒಂದು ಪಕ್ಕದ ಸುತ್ತೋ ಕಾಲೋ ಮೊದಲು ಹೊಳೆದರೆ ಅಲ್ಲಿ ಏನೋ ತಪ್ಪಿದೆ. ತಣ್ಣಗಾದ ಮೇಲೆ ಚಿಮ್ಮಟದಿಂದ ಸುತ್ತುಗಳ ಅಂತರ ಸರಿ ಮಾಡಿ, ಸ್ಕ್ರೂ ಇನ್ನೊಮ್ಮೆ ಬಿಗಿ ಮಾಡಿ, ಮತ್ತೆ ತಟ್ಟಿ.

ಈ 'ಒಂದೇ ಕಡೆ ಕೆಂಪು' ಎನ್ನುವುದು ನನಗೆ ಮೊದಲು ಗೊತ್ತಾದದ್ದು ದಾವಣಗೆರೆಯ ಹಾಸ್ಟೆಲ್‌ನಲ್ಲಿ. ಡಿಪ್ಲೊಮಾ ಓದುವಾಗ ನಾಲ್ವರು ಸೇರಿ ಮಂಚದ ಕೆಳಗೆ ಒಂದು ಕಾಯಿಲ್ ಒಲೆ ಬಚ್ಚಿಟ್ಟಿದ್ದೆವು. ದುಂಡನೆಯ ಬಿಳಿ ಮಣ್ಣಿನ ಬಿಲ್ಲೆ, ಅದರಲ್ಲಿ ಹಾವಿನ ಹಾಗೆ ಸುತ್ತಿದ ಕಾಲುವೆ, ಕಾಲುವೆಯಲ್ಲಿ ನೈಕ್ರೋಮ್ (ನಿಕಲ್, ಕ್ರೋಮಿಯಂ ಬೆರೆತ ತಂತಿ) ಸ್ಪ್ರಿಂಗ್. ನೋಡಿ, ತಂತಿ ಮತ್ತು ಸುಟ್ಟುಹೋಗದ ಮಣ್ಣು. ನಿಮ್ಮ ಅಟೊಮೈಜರ್‌ನ ಅಜ್ಜ ಅದು. ಅನ್ನ ಉಕ್ಕಿ ಒಂದು ದಿನ ಕಾಯಿಲ್ ತುಂಡಾಯಿತು. ಹೊಸದಕ್ಕೆ ದುಡ್ಡಿಲ್ಲ. ಎರಡು ತುದಿ ಎಳೆದು, ತಿರುಚಿ ಕೂರಿಸಿದೆವು. ಎಳೆದ ಕಡೆ ಸ್ಪ್ರಿಂಗ್ ಬಿಡಿಬಿಡಿಯಾಗಿ ಮಂಕಾಗಿತ್ತು. ಪಕ್ಕದಲ್ಲಿ ಸುತ್ತುಗಳು ಒತ್ತೊತ್ತಾಗಿ ಕುಂಕುಮದಂತೆ ಕೆಂಪು. ತಿರುಚಿದ ಗಂಟು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಮೂರನೇ ದಿನ ಅದೇ ಗಂಟಿನಲ್ಲಿ ಮತ್ತೆ ತುಂಡು. ವಾರ್ಡನ್ ಬಂದದ್ದು ನಾಲ್ಕನೇ ದಿನ, ಅದು ಬೇರೆ ಕತೆ.

ಕರೆಂಟ್ ಎಲ್ಲ ಕಡೆ ಒಂದೇ ಹರಿಯುತ್ತದೆ. ಆದರೆ ಸಂಪರ್ಕ ಸರಿಯಿಲ್ಲದ ಕಡೆ ರೆಸಿಸ್ಟೆನ್ಸ್ ಜಾಸ್ತಿ, ಹಾಗಾಗಿ ಬಿಸಿ ಜಾಸ್ತಿ. ಒತ್ತೊತ್ತಾದ ಕಡೆ ಬಿಸಿ ಹೊರಗೆ ಹೋಗಲು ಜಾಗವಿಲ್ಲ. ಸಡಿಲ ಸ್ಕ್ರೂ, ಓರೆಯಾದ ಸುತ್ತು ಎರಡಕ್ಕೂ ಇದೇ ವಿವರಣೆ.

ಬತ್ತಿಯ ಕಡೆ ಬರೋಣ. ಹೊಸ ಬತ್ತಿಯನ್ನು ಹಾಗೇ ಹಾಕಬಾರದು. ನೇಯುವಾಗ ಎಳೆ ಜಾರಲೆಂದು ಅದಕ್ಕೆ ಒಂದು ಲೇಪ ಕೊಟ್ಟಿರುತ್ತಾರೆ, ಮಗ್ಗದ ನೂಲಿಗೆ ಗಂಜಿ ಹಾಕುವ ಹಾಗೆ. ಚಿಮ್ಮಟದಲ್ಲಿ ಹಿಡಿದು ಗ್ಯಾಸ್ ಟಾರ್ಚ್ ಜ್ವಾಲೆಗೆ ಒಡ್ಡಿ. ಮೊದಲು ಕಂದು ಬಣ್ಣಕ್ಕೆ ತಿರುಗುತ್ತದೆ, ಸಣ್ಣಗೆ ಹೊಗೆ ಬರುತ್ತದೆ, ಆಮೇಲೆ ಮತ್ತೆ ಬಿಳಿ. ಹೊಗೆ ನಿಂತು ಬಿಳಿಯಾದ ಮೇಲೆ ಆರಲು ಬಿಡಿ, ನೀರಿನಲ್ಲಿ ತೊಳೆಯಿರಿ, ಒಣಗಿಸಿ. ತುದಿಯನ್ನು ಓರೆಯಾಗಿ ಕತ್ತರಿಸಿ, ತಿರುಚುತ್ತಾ ಸುರುಳಿಯೊಳಗೆ ತೂರಿಸಿ. ಸೂಜಿಗೆ ಸ್ವಲ್ಪ ದಪ್ಪ ದಾರ ಪೋಣಿಸುವಾಗ ಎಷ್ಟು ತಡೆ ಇರುತ್ತದೋ ಅಷ್ಟೇ ಇರಬೇಕು. ಸುರುಳಿಯ ಆಕಾರ ಕೆಟ್ಟರೆ ಬಿಗಿ. ಬತ್ತಿ ತಾನಾಗಿ ಜಾರಿದರೆ ಸಡಿಲ.

ನಿಮ್ಮದು ಕೆಳಗೆ ಟ್ಯಾಂಕ್, ಮೇಲೆ ಕಾಯಿಲ್ ಇರುವ ಜೆನೆಸಿಸ್ ಮಾದರಿಯಾದರೆ ಇನ್ನೊಂದು ಮಾತು. ಬತ್ತಿ ಇಳಿಯುವ ತೂತನ್ನು ಬತ್ತಿಯಿಂದಲೇ ಪೂರ್ತಿ ಮುಚ್ಚಬೇಡಿ. ದ್ರವ ಮೇಲೆ ಹೋದಷ್ಟು ಗಾಳಿ ಟ್ಯಾಂಕಿಗೆ ಇಳಿಯಬೇಕು. ಬಾಟಲಿ ಬಗ್ಗಿಸಿದಾಗ ನೀರು ಗುಳುಗುಳು ಎನ್ನುವುದು ಯಾಕೆ ಹೇಳಿ? ಗಾಳಿಗೆ ದಾರಿ ಇಲ್ಲದೆ. ಇಲ್ಲೂ ಅದೇ ಆಗಿ ಬತ್ತಿ ಬಾಯಾರಿ ಕೂರುತ್ತದೆ.

ಕೊನೆಗೆ ದ್ರವದ ಮಾತು. ಮೋಡದಂಥ ಹೊಗೆಗೆಂದು ಗ್ಲಿಸರಿನ್ ಜಾಸ್ತಿ ಇರುವ ಗಟ್ಟಿ ದ್ರವ ಹಾಕಿದ್ದೀರಾ? ಸೆರಾಮಿಕ್ ಬತ್ತಿಗೆ ಅದು ಭಾರ. ಅರ್ಧಕ್ಕರ್ಧ ಇರುವುದು ಹಾಕಿ. ಗ್ಲಿಸರಿನ್ ಚಳಿಗೆ ಜೇನಿನಂತಾಗುತ್ತದೆ. ಜನವರಿ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನಿಂತು ಮೊದಲ ಎಳೆತಕ್ಕೇ ಕೆಮ್ಮಿದ್ದೇನೆ. ಮನೆಯೊಳಗೆ ಅದೇ ಅಟೊಮೈಜರ್ ಚೆನ್ನಾಗಿರುತ್ತಿತ್ತು. ಜೇಬಿನಲ್ಲಿ ಸ್ವಲ್ಪ ಹೊತ್ತು ಬೆಚ್ಚಗಿಟ್ಟುಕೊಂಡರೆ ಸರಿಹೋಗುತ್ತಿತ್ತು.

ಹತ್ತಿ ಹಾಗೆ ಸೆರಾಮಿಕ್ ಬತ್ತಿ ಬದಲಾಯಿಸಬೇಕಿಲ್ಲ, ಬತ್ತಿ ಸಮೇತ ಕೆಂಪಗೆ ಕಾಯಿಸಿದರೆ ಕ್ಲೀನ್ ಆಗುತ್ತೆ ಅಂತಾರಲ್ಲ, ನಿಜವಾ?
(ರೆಡಿಂಗ್)

ನಿಜ. ಸಿಹಿ ಪರಿಮಳದ ದ್ರವಗಳು ಸುರುಳಿಯ ಮೇಲೆ ಕಪ್ಪಗೆ ಕರ್ರಗೆ ಹಕ್ಕಳೆ ಕಟ್ಟುತ್ತವೆ. ಟ್ಯಾಂಕ್ ತೆಗೆದು, ದ್ರವ ಎಲ್ಲ ಆರಿಸಿ, ಕಿಟಕಿ ತೆರೆದು, ಕಡಿಮೆ ವಾಟ್‌ನಲ್ಲಿ ತಟ್ಟಿ ತಟ್ಟಿ ಕಾಯಿಸಿದರೆ ಅದು ಸುಟ್ಟು ಬೂದಿಯಾಗುತ್ತದೆ. ಆ ಹೊಗೆ ಎಳೆಯಬೇಡಿ, ಮುಖ ಹತ್ತಿರ ತರಬೇಡಿ. ಆಮೇಲೆ ನೀರಿನಲ್ಲಿ ತೊಳೆದು ಒಣಗಿಸಿ.

ಆದರೆ ಎರಡು ಷರತ್ತು. ತಂತಿ ಕಾಂತಾಲ್, ನೈಕ್ರೋಮ್ ಇಲ್ಲವೇ ಸ್ಟೀಲ್ ಆಗಿರಬೇಕು. ಟೈಟಾನಿಯಂ, ಶುದ್ಧ ನಿಕಲ್ ತಂತಿಗಳನ್ನು ಕೆಂಪಗೆ ಕಾಯಿಸಲೇಬಾರದು. ಟೈಟಾನಿಯಂ ಹೊತ್ತಿಕೊಳ್ಳಲೂಬಹುದು. ಎರಡನೆಯದು, ಕಾಂತಾಲ್ ಸ್ವಭಾವ. ಅದು ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ತಂತಿ, ಸ್ವೀಡನ್ನಿನದು. ಕಾದಾಗ ಮೈಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ಬೂದು ಪೊರೆ ಕಟ್ಟುತ್ತದೆ. ಆ ಪೊರೆ ಕರೆಂಟ್ ಹರಿಸುವುದಿಲ್ಲ. ಅದಕ್ಕೇ ಸುತ್ತುಗಳು ಒಂದಕ್ಕೊಂದು ತಾಗಿದ್ದರೂ ಶಾರ್ಟ್ ಆಗದೆ ಕೆಲಸ ಮಾಡುವುದು. ನಮ್ಮ ಭಟ್ಟಿಗಳಿಗೆ ಹೊಸ ಕಾಯಿಲ್ ಹಾಕಿದಾಗ ಮೊದಲ ಸಲ ಪಾತ್ರೆ ಇಡದೆ ಖಾಲಿ ಸುಡುತ್ತಿದ್ದದ್ದೂ ಈ ಪೊರೆಗಾಗಿಯೇ. ಆದರೆ ಹೀಗೆ ಕಾದ ಕಾಂತಾಲ್ ಆಮೇಲೆ ಹಪ್ಪಳದ ಹಾಗೆ. ತಣ್ಣಗಿರುವಾಗ ಬಗ್ಗಿಸಿದರೆ ಟಕ್ಕೆಂದು ಮುರಿಯುತ್ತದೆ. ಹಳೇ ಸುರುಳಿಯಿಂದ ಬತ್ತಿ ಎಳೆಯುವಾಗ ಕಾಲು ಮುರಿದುಕೊಂಡವರು ಲೆಕ್ಕವಿಲ್ಲ, ನಾನೂ ಸೇರಿ. ನೈಕ್ರೋಮ್ ಇಷ್ಟು ಸಿಡುಕಲ್ಲ.

ಅಂಕಲ್, ನನ್ನದು 1 ಓಮ್ ಕಾಯಿಲ್. ಫ್ರೆಂಡ್ಸ್ ನಗುತ್ತಾರೆ. ದಪ್ಪ ತಂತಿಯಲ್ಲಿ ಎರಡು ಕಾಯಿಲ್ ಹಾಕಿ 0.15 ಓಮ್ ಮಾಡಬೇಕು ಅಂತಿದೀನಿ. ಮೆಕ್ಯಾನಿಕಲ್ ಮಾಡ್ ಇದೆ, ಹಳೆ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ತೆಗೆದ ಸೆಲ್ ಇದೆ. ಸುತ್ತು ಎಷ್ಟು ಹಾಕಲಿ?
(ಬರ್ಮಿಂಗ್‌ಹ್ಯಾಮ್)

ಒಂದೂ ಹಾಕಬೇಡ.

ಲೆಕ್ಕ ಹೇಳುತ್ತೇನೆ, ನೀನೇ ನೋಡು. ಪೂರ್ತಿ ಚಾರ್ಜ್ ಆದ ಸೆಲ್ 4.2 ವೋಲ್ಟ್. ಅದನ್ನು 0.15ರಿಂದ ಭಾಗಿಸಿದರೆ 28 ಆಂಪಿಯರ್. ಸುಮಾರು 118 ವಾಟ್. 1 ಓಮ್ ಕಾಯಿಲ್‌ಗೆ ಇದೇ ಲೆಕ್ಕ ಹಾಕು: 4.2 ಆಂಪಿಯರ್, 17 ವಾಟ್ ಚಿಲ್ಲರೆ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ 18650 ಸೆಲ್ ನೋಡಲು ಎಲ್ಲ ಒಂದೇ ಥರ. ಆದರೆ ಒಳಗಿನ ತಾಕತ್ತು ಬೇರೆ ಬೇರೆ. ಲ್ಯಾಪ್‌ಟಾಪ್ ಸೆಲ್ ನಿಧಾನವಾಗಿ, ತುಂಬಾ ಹೊತ್ತು ಕರೆಂಟ್ ಕೊಡಲು ಮಾಡಿದ್ದು. ಅದರಿಂದ 28 ಆಂಪಿಯರ್ ಎಳೆಯುವುದೆಂದರೆ ಎತ್ತಿನ ಗಾಡಿಯನ್ನು ಹೈವೇಗೆ ಬಿಟ್ಟ ಹಾಗೆ. ಕಾಯುತ್ತದೆ, ಉಬ್ಬುತ್ತದೆ, ಬಾಯಿಯ ಪಕ್ಕದಲ್ಲೇ ಬೆಂಕಿ ಉಗುಳಬಹುದು. ಮೆಕ್ಯಾನಿಕಲ್ ಮಾಡ್ ಅಂದರೆ ಬರೀ ಒಂದು ಲೋಹದ ಕೊಳವೆ ಮತ್ತು ಬಟನ್. ಅದಕ್ಕೆ ತಲೆ ಇಲ್ಲ, ಶಾರ್ಟ್ ಆದರೂ ನಿಲ್ಲಿಸುವುದಿಲ್ಲ.

ನನಗೆ ಆದದ್ದು ಕೇಳು. ಕಾಯಿಲ್ ಕಾಲು ಕತ್ತರಿಸಿದಾಗ ಹಾರಿದ ಎರಡು ಮಿಲಿಮೀಟರ್ ತುಂಡು ಪೋಸ್ಟ್‌ನ ಬುಡದಲ್ಲಿ ಕೂತಿತ್ತು. ನೋಡಲಿಲ್ಲ. ಅಂಥದ್ದೇ ಕೊಳವೆಗೆ ಹಾಕಿ ಬಟನ್ ಒತ್ತಿದೆ. ಹೊಗೆ ಬರಲಿಲ್ಲ, ಕೈಯಲ್ಲಿ ಕೊಳವೆ ಕಾಯತೊಡಗಿತು. ಹಿಡಿದುಕೊಳ್ಳಲಾರದಷ್ಟು ಆದಾಗ ಹಿತ್ತಿಲ ಬಾಗಿಲು ತೆಗೆದು ಎಸೆದೆ. ಅದು ಹೋಗಿ ಹೆಂಡತಿಯ ಪುದೀನ ಕುಂಡದಲ್ಲಿ ಬಿತ್ತು. ಏನೂ ಸಿಡಿಯಲಿಲ್ಲ, ಪುದೀನ ಮಾತ್ರ ಹೋಯಿತು. ನಲವತ್ತು ವರ್ಷ ಕರೆಂಟಿನ ಕೆಲಸ ಮಾಡಿದವನ ಕತೆ ಇದು. ಅವತ್ತಿನಿಂದ ಮಲ್ಟಿಮೀಟರ್‌ನಲ್ಲಿ ಅಳೆಯದೆ ಬ್ಯಾಟರಿ ಹಾಕಿಲ್ಲ. ಓಮ್ ತೋರಿಸುವ, ಶಾರ್ಟ್ ಆದರೆ ತಾನೇ ನಿಲ್ಲುವ ಎಲೆಕ್ಟ್ರಾನಿಕ್ ಮಾಡ್ ತಗೋ. ಸೆಲ್ಲನ್ನು ನಂಬಿಕಸ್ತ ಅಂಗಡಿಯಲ್ಲಿ ಹೊಸದಾಗಿ ಕೊಳ್ಳು, ಡಬ್ಬಿಯಲ್ಲಿಡು. ಬೀಗದ ಕೈ ಜೊತೆ ಜೇಬಿನಲ್ಲಿ ಹಾಕಿದರೆ ಅದೂ ಶಾರ್ಟೇ.

ಇನ್ನು ನಿನ್ನ 1 ಓಮ್. 28 ಗೇಜ್ ಕಾಂತಾಲ್, 2 ಮಿ.ಮೀ. ಬಿಟ್ಟಿನ ಮೇಲೆ ಆರು ಸುತ್ತು, ಕಾಲು ಸೇರಿ ಸುಮಾರು 54 ಮಿ.ಮೀ. ತಂತಿ ಹಿಡಿಯುತ್ತದೆ. ಮೀಟರಿಗೆ 18 ಓಮ್ ಲೆಕ್ಕದಲ್ಲಿ ಹೆಚ್ಚು ಕಡಿಮೆ 1 ಓಮ್. ಸೆರಾಮಿಕ್ ಬತ್ತಿ ದ್ರವ ತಂದುಕೊಡುವ ವೇಗಕ್ಕೆ ಇದೇ ಸರಿ. ನಿನ್ನ ಫ್ರೆಂಡ್ಸ್ ಹಾಕಿಕೊಂಡಿರುವ ವಾಟ್‌ಗೆ ಈ ಬತ್ತಿ ಒಂದು ಸೆಕೆಂಡಿಗೇ ಒಣಗುತ್ತದೆ.

ಒಂದು ಎಚ್ಚರಿಕೆ. ಇಲ್ಲಿ ಹೇಳಿದ 28 ಗೇಜ್ ಅಮೆರಿಕದ ಲೆಕ್ಕ, 0.32 ಮಿ.ಮೀ. ನಮ್ಮೂರ ವೈಂಡಿಂಗ್ ಅಂಗಡಿಗಳಲ್ಲೂ ಈ ದೇಶದ ಹಳೆ ಕಾರ್ಖಾನೆಗಳಲ್ಲೂ ಎಸ್‌ಡಬ್ಲ್ಯೂಜಿ ಎನ್ನುವ ಬ್ರಿಟಿಷ್ ಗೇಜ್. ಅದರ 28 ಎಂದರೆ 0.376 ಮಿ.ಮೀ. ನಾನು ಹಳೆ ಅಭ್ಯಾಸದಲ್ಲಿ ಬ್ರಿಟಿಷ್ ಗೇಜಿನ ರೀಲು ತಂದು, ಅಮೆರಿಕದ ಲೆಕ್ಕದಲ್ಲಿ ಸುತ್ತಿ, ಮೀಟರ್ 0.7 ತೋರಿಸಿದಾಗ ಮೀಟರೇ ಕೆಟ್ಟಿದೆ ಎಂದುಕೊಂಡಿದ್ದೆ. ಗೇಜ್ ಕೇಳಬೇಡ, ಮಿಲಿಮೀಟರ್ ಕೇಳು.

ನಮ್ಮ ಮನೆಯವರು ಊಟದ ಟೇಬಲ್ ಮೇಲೆ ಬಿಳೀ ದಾರ ಕತ್ತರಿಸಿ, ಬೆಂಕಿಯಲ್ಲಿ ಕಾಯಿಸಿ ಏನೇನೋ ಮಾಡುತ್ತಾರೆ. ಪುಡಿ ಉದುರುತ್ತದೆ. ಅದು ಕಲ್ನಾರಾ? ಎರಡು ವರ್ಷದ ಮಗು ಇದೆ, ನನಗೆ ಭಯ. ಕೇಳಿದರೆ 'ನಿನಗೆ ಗೊತ್ತಾಗಲ್ಲ' ಅಂತಾರೆ.
(ಲೆಸ್ಟರ್‌ನಿಂದ ಮಂಡ್ಯದ ಓದುಗರು)

ನಿಮಗೆ ಗೊತ್ತಾಗಿದೆಯಮ್ಮ, ಅವರಿಗೇ ಆಗಿಲ್ಲ. ಈ ಉತ್ತರವನ್ನು ಅವರ ಮುಂದೆ ಇಡಿ.

ಕಲ್ನಾರು (ಆಸ್ಬೆಸ್ಟಾಸ್) ಅಲ್ಲ. ಒಳ್ಳೆ ಬತ್ತಿಯಾಗಿದ್ದರೆ ಅಲ್ಯೂಮಿನಾ, ಸಿಲಿಕಾ ಸೇರಿಸಿ ಮಾಡಿದ ಉದ್ದನೆಯ ಎಳೆ. 3ಎಂ ಕಂಪನಿಯ ನೆಕ್ಸ್‌ಟೆಲ್ ಎಂಬುದು ಇಂಥದ್ದೇ. ಭಟ್ಟಿ, ಕುಲುಮೆಗಳ ಬಿಸಿ ತಡೆಯುವ ಕಡೆ ಬಳಸುತ್ತಾರೆ. ಎಳೆಯ ದಪ್ಪ ಸುಮಾರು 10 ಮೈಕ್ರಾನ್. ಶ್ವಾಸಕೋಶದ ಆಳಕ್ಕೆ ಇಳಿಯುವ ಎಳೆ ಎಂದು ಲೆಕ್ಕಕ್ಕೆ ಹಿಡಿಯುವುದು 3 ಮೈಕ್ರಾನ್‌ಗಿಂತ ತೆಳುವಾದದ್ದನ್ನು. ಆ ಲೆಕ್ಕದಲ್ಲಿ ಇದು ದಪ್ಪ, ಸ್ವಲ್ಪ ಸಮಾಧಾನ. ಆದರೆ ಭಟ್ಟಿಯ ಒಳಗೋಡೆಗೆ ಹತ್ತಿ ಹಾಸಿಗೆಯ ಹಾಗೆ ಅಂಟಿಸುವ ಸೆರಾಮಿಕ್ ಫೈಬರ್ ಬೇರೆ ಜಾತಿ. ಅದರಲ್ಲಿ ತೆಳು ಎಳೆಗಳಿರುತ್ತವೆ. ಯುರೋಪಿನಲ್ಲಿ ಅದನ್ನು ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ. ನಾವು ಅದನ್ನು ಮುಟ್ಟುವಾಗ ಮಾಸ್ಕ್, ಕೈಗವಸು, ಬಿಸಾಡುವ ಅಂಗಿ ಎಲ್ಲ ಹಾಕುತ್ತಿದ್ದೆವು. ಯಾರಾದರೂ ಜಾಣರು ಆ ಹಾಸಿನ ತುಂಡನ್ನೇ ಬತ್ತಿ ಮಾಡಿಕೊಂಡರೆ ಅದು ಶುದ್ಧ ಹುಚ್ಚುತನ.

ಬಿಳಿಯಿದ್ದದ್ದೆಲ್ಲ ಸೆರಾಮಿಕ್ಕೂ ಅಲ್ಲ. ಒಮ್ಮೆ ನಾನು ಒಂದು ಅಂಗಡಿಯಿಂದ 'ಸೆರಾಮಿಕ್ ಬತ್ತಿ' ಎಂದು ಒಂದು ಮೀಟರ್ ತರಿಸಿದೆ. ಟಾರ್ಚ್ ಹಿಡಿದೆ. ತುದಿ ಕರಗಿ ಸಾಸಿವೆ ಕಾಳಿನಂಥ ಗಾಜಿನ ಮಣಿಯಾಯಿತು. ಅದು ಸಾದಾ ಗಾಜಿನ ನೂಲು! ಅದನ್ನು ಬಾಯಿಗೆ ಇಟ್ಟುಕೊಳ್ಳುತ್ತಿದ್ದೆನಲ್ಲ ಎಂದು ಮೈ ಜುಮ್ಮೆಂದಿತು. ಸೆರಾಮಿಕ್ ಎಳೆ ಆ ಜ್ವಾಲೆಗೆ ಕರಗುವುದಿಲ್ಲ. ಆ ಮಣಿಯನ್ನು ಇನ್ನೂ ಸ್ಕ್ರೂ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ.

ಆದರೆ ನಿಜ ಹೇಳಬೇಕಲ್ಲ. ಒಳ್ಳೆಯ ಬತ್ತಿಯೂ ತಯಾರಾದದ್ದು ಭಟ್ಟಿಗೆ, ತುಟಿಯಿಂದ ಎರಡು ಇಂಚು ದೂರದಲ್ಲಿಟ್ಟು ದಿನಕ್ಕೆ ಇನ್ನೂರು ಸಲ ಎಳೆಯಲು ಅಲ್ಲ. ಕತ್ತರಿಸಿದ ತುದಿಯಲ್ಲಿ ಎಳೆ ಮುರಿಯುತ್ತದೆ. ಕೆಂಪಗೆ ಕಾಯಿಸಿ ತಣಿಸಿ ಮಾಡಿದಷ್ಟೂ ಅದು ಪೆಡಸಾಗುತ್ತದೆ. ಒಂದು ದಿನ ಕನ್ನಡಕ ಹಾಕಿಕೊಂಡು ಅಟೊಮೈಜರ್ ಮುಚ್ಚಳದ ಒಳಗೆ ಟಾರ್ಚ್ ಬಿಟ್ಟು ನೋಡಿದೆ. ತೇವದ ಗೋಡೆಗೆ ಕೂದಲೆಳೆಗಿಂತ ಸಣ್ಣ ಬಿಳಿ ತುಣುಕು ಎರಡು ಅಂಟಿದ್ದವು. ಎರಡೇ. ಅಂದು ಸಂಜೆಯೇ ಹತ್ತಿಗೆ ಮರಳಿದೆ. ಕೆಲಸದಲ್ಲಿ ಮಾಸ್ಕ್ ಹಾಕಿ, ಮನೆಗೆ ಬಂದು ಅದೇ ಸಂತತಿಯ ಎಳೆಯ ಮೂಲಕ ಉಸಿರೆಳೆಯುವುದು ನನಗೇ ನಗು ಬರಿಸುವ ಹಾಗಿತ್ತು. ಹತ್ತಿಗೆ ವಾರಕ್ಕೆರಡು ಸಲದ ಕೆಲಸ ಇದ್ದರೆ ಇರಲಿ.

ನಿಮ್ಮ ಮನೆಯವರಿಗೆ: ಊಟದ ಟೇಬಲ್ ಬಿಡಿ, ಶೆಡ್ಡಿಗೆ ಹೋಗಿ. ಬತ್ತಿಯನ್ನು ಒದ್ದೆ ಮಾಡಿ ಕತ್ತರಿಸಿ. ಪುಡಿಯನ್ನು ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಾಡಿ.

ಆದರೆ ಮಗು ಇರುವ ಮನೆಯಲ್ಲಿ ಬತ್ತಿಗಿಂತ ನನಗೆ ಭಯ ಆ ಸಣ್ಣ ಬಾಟಲಿಯದು. ಈ ದೇಶದಲ್ಲಿ 10 ಮಿ.ಲೀ. ಬಾಟಲಿಗೆ ಮಿ.ಲೀ.ಗೆ 20 ಮಿ.ಗ್ರಾಂ ತನಕ ನಿಕೋಟಿನ್ ಇರಬಹುದು. ಅಂದರೆ ಬಾಟಲಿಗೆ 200 ಮಿ.ಗ್ರಾಂ. ಮಾವಿನಹಣ್ಣಿನ ಪರಿಮಳ ಬೇರೆ. ಎರಡು ವರ್ಷದ ಮಗುವಿಗೆ ಅದು ವಿಷ. ಬೀಗ ಹಾಕಿಡಿ. ಮಗು ನುಂಗಿದ ಅನುಮಾನ ಬಂದರೂ ಸಾಕು, 999ಕ್ಕೆ ಫೋನ್ ಮಾಡಿ. ವಾಂತಿ ಮಾಡಿಸಲು ಹೋಗಬೇಡಿ. ಬಿಡಿ ಸೆಲ್‌ಗಳೂ ಅದೇ ಬೀರುವಿನಲ್ಲಿರಲಿ.

ಮುಂದಿನ ತಿಂಗಳು ತಂಗಿ ಮದುವೆಗೆ ಬೆಂಗಳೂರಿಗೆ ಹೋಗುತ್ತಿದ್ದೇನೆ. ಸ್ವಂತ ಬಳಕೆಗೆ ಒಂದು ಮಾಡ್, ಒಂದು ಬಾಟಲ್ ತಗೊಂಡು ಹೋಗಬಹುದಾ?
(ಲಂಡನ್)

ಬೇಡ. 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಬಂತು, ಡಿಸೆಂಬರ್‌ನಲ್ಲಿ ಕಾಯಿದೆಯಾಯಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲ ನಿಷೇಧ. ಮೊದಲ ಸಲಕ್ಕೇ ಒಂದು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ, ಅಥವಾ ಎರಡೂ ಆಗಬಹುದು. ಬಿಡಿಭಾಗ ಎಂದು ಕಾಯಿಲ್, ಅಟೊಮೈಜರ್ ಮಾತ್ರ ಒಯ್ಯುತ್ತೇನೆ ಎನ್ನಬೇಡಿ, ಕಾಯಿದೆಯಲ್ಲಿ ಬಿಡಿಭಾಗವೂ ಸೇರಿದೆ. ಮದುವೆ ಮನೆಯವರು ನಿಮ್ಮನ್ನು ಕಸ್ಟಮ್ಸ್ ಕೌಂಟರಿನಲ್ಲಿ ಕಾಯುವುದು ಬೇಡ. ನಿಕೋಟಿನ್ ಚ್ಯೂಯಿಂಗ್ ಗಮ್ ಇಟ್ಟುಕೊಳ್ಳಿ.

ಗುರುಗಳೇ, ನಾನು ಹದಿನೈದು ವರ್ಷದಿಂದ ದಿನಕ್ಕೆ ಒಂದು ಪ್ಯಾಕ್ ಸೇದುತ್ತೇನೆ. ನಮ್ಮಲ್ಲಿ ಸಿಗರೇಟ್ ಮೂಲೆ ಮೂಲೆಯಲ್ಲಿ ಸಿಗುತ್ತದೆ, ವೇಪ್ ಮಾತ್ರ ಬ್ಯಾನ್. ಇದೆಂಥ ನ್ಯಾಯ? ನೈಕ್ರೋಮ್ ತಂತಿ ಇಲ್ಲೇ ಸಿಗುತ್ತದೆ. ನಾನೇ ಒಂದು ಕಟ್ಟಿಕೊಳ್ಳಲೇ?
(ಹುಬ್ಬಳ್ಳಿ)

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ನಾನು 23 ವರ್ಷ ಸೇದಿದವನು. ಕಾನೂನಿನ ನ್ಯಾಯ ಅನ್ಯಾಯ ವಾದ ಮಾಡುತ್ತಾ ಕೂತರೆ ಅಷ್ಟರಲ್ಲಿ ನೀವು ಇನ್ನೊಂದು ಪ್ಯಾಕ್ ಮುಗಿಸುತ್ತೀರಿ. ಕಟ್ಟಬೇಡಿ. ತಯಾರಿಕೆಯೂ ಅಪರಾಧ, ಜೊತೆಗೆ ದ್ರವ ಎಲ್ಲಿಂದ ತರುತ್ತೀರಿ? ಕಳ್ಳಮಾಲಿನ ಬಾಟಲಿಯಲ್ಲಿ ಏನಿದೆ ಎಂದು ಯಾರಿಗೆ ಗೊತ್ತು? ಅಮೆರಿಕದಲ್ಲಿ 2019ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದಾಗ ಮುಖ್ಯವಾಗಿ ಸಿಕ್ಕಿಬಿದ್ದದ್ದು ಕದ್ದುಮುಚ್ಚಿ ಮಾರಿದ ಗಾಂಜಾ ಎಣ್ಣೆಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್.

1800-11-2356 ರಾಷ್ಟ್ರೀಯ ತಂಬಾಕು ಬಿಡಿಸುವ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ತಂಬಾಕು ಬಿಡಿಸುವ ಕ್ಲಿನಿಕ್ ಇದೆ. ನಿಕೋಟಿನ್ ಗಮ್, ಪ್ಯಾಚ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತವೆ. ಡಾಕ್ಟರನ್ನು ಕೇಳಿ ಶುರು ಮಾಡಿ. ಗಮ್ಮನ್ನು ಬಬಲ್ ಗಮ್ ಹಾಗೆ ಜಗಿಯಬಾರದು. ನಾಲ್ಕು ಸಲ ಜಗಿದು, ಖಾರ ಬಂದಾಗ ಎಲೆಅಡಿಕೆಯಂತೆ ದವಡೆಗೆ ಒತ್ತರಿಸಿ ಇಟ್ಟುಕೊಳ್ಳಬೇಕು. ಇದು ಗೊತ್ತಿಲ್ಲದೆ ನಾನು ಮೊದಲ ವಾರ ಬಿಕ್ಕಳಿಸಿ ಬಿಕ್ಕಳಿಸಿ ಅದನ್ನು ಬಿಟ್ಟಿದ್ದೆ.

ಮಾಮ, ನನಗೆ 19. ಸಿಗರೇಟ್ ಮುಟ್ಟಿಲ್ಲ. ಆದರೆ ತಂತಿ ಸುತ್ತೋದು, ಕೆಂಪಗೆ ಹೊಳೆಯೋದು ನೋಡಿದರೆ ಖುಷಿ. ನಿಕೋಟಿನ್ ಇಲ್ಲದ ದ್ರವ ಹಾಕಿ ಶುರು ಮಾಡಲಾ?
(ಕೊವೆಂಟ್ರಿ)

ಸಿಗರೇಟ್ ಸೇದದವನಿಗೆ ಇದರಲ್ಲಿ ಏನೂ ಲಾಭವಿಲ್ಲ ತಮ್ಮಾ. ನಾನು ಕೆಟ್ಟದ್ದರಿಂದ ಪಾರಾಗಲು ಸ್ವಲ್ಪ ಕಡಿಮೆ ಕೆಟ್ಟದ್ದನ್ನು ಹಿಡಿದವನು. ನಿನಗೆ ಯಾವುದರಿಂದ ಪಾರಾಗಬೇಕಿದೆ?

ತಂತಿಯ ಖುಷಿ ಮಾತ್ರ ನನಗೆ ಗೊತ್ತು. ಅದಕ್ಕೆ ಬೇರೆ ಕೆಲಸ ಕೊಡುತ್ತೇನೆ. ಗಣಪತಿ ಹಬ್ಬಕ್ಕೆ ಮಂಟಪ ಮಾಡಲು ಥರ್ಮೊಕೋಲ್ ಕತ್ತರಿಸುವ ಬಿಲ್ಲು ಕಟ್ಟು. 0.4 ಮಿ.ಮೀ. ನೈಕ್ರೋಮ್ ತಂತಿ 30 ಸೆಂ.ಮೀ. ಸಾಕು, ಸುಮಾರು 2.5 ಓಮ್ ಬರುತ್ತದೆ. 5 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಕೊಟ್ಟರೆ 2 ಆಂಪಿಯರ್ ಹರಿಯುತ್ತದೆ, 10 ವಾಟ್. ಮರದ ಚೌಕಟ್ಟಿಗೆ ಎರಡು ಸ್ಕ್ರೂ, ನಡುವೆ ತಂತಿ, ಒಂದು ತುದಿಗೆ ಪೆನ್ನಿನ ಸ್ಪ್ರಿಂಗ್ ಕಟ್ಟಲು ಮರೆಯಬೇಡ. ಕಾದಾಗ ತಂತಿ ಉದ್ದವಾಗುತ್ತದೆ, ಸ್ಪ್ರಿಂಗ್ ಇಲ್ಲದಿದ್ದರೆ ಜೋತು ಬಿದ್ದು ಗೆರೆ ಸೊಟ್ಟಗಾಗುತ್ತದೆ. ಇದರಲ್ಲಿ ತಂತಿ ಕೆಂಪಾಗಬಾರದು. ಕೆಂಪಾದರೆ ವೋಲ್ಟ್ ಜಾಸ್ತಿಯಾಗಿದೆ ಅಂತ ಅರ್ಥ. ಕಿಟಕಿ ತೆರೆದಿಡು, ಆ ಹೊಗೆಯೂ ಒಳ್ಳೆಯದಲ್ಲ. ಕಮಾನು ಕತ್ತರಿಸುವಾಗ ಕೈ ನಿಲ್ಲಿಸಬೇಡ. ನಿಂತ ಕಡೆ ತೂತು ದೊಡ್ಡದಾಗುತ್ತದೆ.